ದೋಣಿಯವನ ಕಾದಂಬರಿ

ನಲ್ಲಿ ರಿಪೇರಿಯವನು ಜನ್ಮದಲ್ಲಿ ಬಲ್ಲದ್ದು ಒಂದೇ ಕಾದಂಬರಿ, ಅದೂ ಓದಿದ್ದಲ್ಲ, ಕೇಳಿದ್ದು. ಒಂಬತ್ತನೇ ವಯಸ್ಸಿನಲ್ಲಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡವನು ಎರಡು ತಿಂಗಳು ಮಲಗಿದ್ದ. ಅಕ್ಕ ದಿನಾ ಸಂಜೆ ಮಂಚದ ಅಂಚಿಗೆ ಕೂತು ನಾಲ್ಕಾರು ಪುಟ ಓದುತ್ತಿದ್ದಳು. ಎರವಲು ತಂದ ಪುಸ್ತಕ ಕೊಳೆಯಾಗದಿರಲೆಂದು ಹಳೇ ಪೇಪರಿನ ಹೊದಿಕೆ ಹಾಕಿದ್ದಳು. ಹಾಗಾಗಿ ಹೆಸರು ಅವನ ಕಣ್ಣಿಗೆ ಬೀಳಲೇ ಇಲ್ಲ. ಕೊನೆಯ ಹತ್ತು ಪುಟ ಉಳಿದಿರುವಾಗ ಪ್ಲಾಸ್ಟರ್ ಬಿಚ್ಚಿದರು. "ಕೂತ್ಕೊಳ್ಳೋ, ಮುಗಿಸಿಬಿಡೋಣ" ಎಂದ ಅಕ್ಕನಿಗೆ ಕಿವಿಗೊಡದೆ ಕುಂಟುತ್ತಲೇ ಬೀದಿಗಿಳಿದಿದ್ದ.

ಈಗ ಅವನಿಗೆ ಐವತ್ತಾರು. ಮದುವೆಯಾಗದ ಅಕ್ಕ ಅವನ ಮನೆಯಲ್ಲೇ ಇದ್ದಳು. ಈ ವರ್ಷ ಅವಳಿಗೆ ಪಾರ್ಶ್ವವಾಯು ಬಡಿದು ಬಲಗೈ, ಮಾತು ಎರಡೂ ಒಟ್ಟಿಗೆ ಹೋದವು. ಹೇಳಿದ್ದೆಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಏನೂ ಬಾರದು. ಒಂದು ಬೆಳಗ್ಗೆ ಅವಳ ಮುಖ ಒರೆಸುತ್ತ, ಏನಾದರೂ ಮಾತಾಡಬೇಕಲ್ಲ ಎಂದು, "ಅಕ್ಕಾ, ದೋಣಿಯವನ ಕತೆ ಓದ್ತಿದ್ದೆಯಲ್ಲ, ಏನದರ ಹೆಸರು?" ಎಂದ.

ಅವಳ ಕಣ್ಣರಳಿತು. "ಬ... ಬ..." ಎಂದಳು. ಹಣೆ ಬೆವರಿತು. ಎಡಗೈಗೆ ಪೆನ್ನು ಕೊಟ್ಟ. ಗೀಚು ಬಂತು, ಅಕ್ಷರ ಬರಲಿಲ್ಲ. ಪೆನ್ನು ಎಸೆದು ಅತ್ತಳು. ಯಾಕಾದರೂ ಕೇಳಿದೆನೋ ಎಂದುಕೊಳ್ಳುತ್ತ ಅವನು ಪೆನ್ನು ಹೆಕ್ಕಿದ.

ಅಂದು ಕೆಲಸ ಮುಗಿಸಿ, ಹೆಗಲಿನ ಪಾನಾ ಚೀಲವನ್ನೂ ಇಳಿಸದೆ ಲೈಬ್ರರಿಗೆ ಹೋದ.

"ಪುಸ್ತಕದ ಹೆಸರು?" ಎಂದರು ಲೈಬ್ರರಿಯಮ್ಮ.

"ಬ ಇಂದ ಶುರು ಅನ್ಸತ್ತೆ."

"ಬರೆದವರು?"

"ಗೊತ್ತಿಲ್ಲಮ್ಮ."

"ರಟ್ಟಿನ ಬಣ್ಣ?"

"ಪೇಪರ್ ಹಾಕಿತ್ತು."

ಅವರು ಕನ್ನಡಕ ತೆಗೆದಿಟ್ಟು ಅವನ ಚೀಲದತ್ತ ನೋಡಿದರು. "ಬೀದಿ ಗೊತ್ತಿಲ್ಲ, ಮನೆ ಗೊತ್ತಿಲ್ಲ, ಎಲ್ಲೋ ನಲ್ಲಿ ಸೋರ್ತಿದೆ ಬನ್ನಿ ಅಂದ್ರೆ ನೀವು ಹೋಗ್ತೀರಾ? ಸರಿ, ಕತೆ ಹೇಳಿ."

ಹೊಳೆ ದಾಟಿಸುವ ದೋಣಿಯವ, ಅಲ್ಲಿಗೆ ಸೇತುವೆ ಕಟ್ಟಲು ಬಂದ ಮೇಸ್ತ್ರಿ, ಮೇಸ್ತ್ರಿಯ ಕೈಹಿಡಿದ ದೋಣಿಯವನ ಮಗಳು, ಅವಳೊಡನೆ ಮಾತು ಬಿಟ್ಟ ಅಪ್ಪ. ಅಷ್ಟು ಹೇಳುವಷ್ಟರಲ್ಲಿ ಅವನ ಗಂಟು ಖಾಲಿಯಾಯಿತು. ಎರಡು ತಿಂಗಳು ಕೇಳಿದ್ದು ಎರಡು ನಿಮಿಷಕ್ಕೆ ಬರಲಿಲ್ಲ.

ಲೈಬ್ರರಿಯಮ್ಮ ಒಳ್ಳೆಯವರು, ವಾರಕ್ಕೆರಡು ಪುಸ್ತಕ ಹುಡುಕಿ ಕೊಟ್ಟರು. ಅಕ್ಕ ಮೊದಲ ಪುಟದ ಮೇಲೆ ಕಣ್ಣಾಡಿಸಿ ಇದಲ್ಲವೆಂದು ತಲೆಯಲ್ಲಾಡಿಸುತ್ತಿದ್ದಳು. ಹನ್ನೊಂದನೆಯದು ಬಂದಾಗ ಮುಖವನ್ನೇ ತಿರುಗಿಸಿದಳು. ಹಳೇ ಪುಸ್ತಕದಂಗಡಿಯವನೂ ಕೈಯಲ್ಲಾಡಿಸಿದ. "ಅಂಥಾದ್ದೆಲ್ಲ ಒಂದ್ಸಲ ಅಚ್ಚಾಗಿದ್ದೇ ಹೆಚ್ಚು ಯಜಮಾನ್ರೇ. ಯಾವತ್ತೋ ಗುಜರಿ ಸೇರಿರತ್ತೆ."

ಬೇರೆ ದಾರಿ ಕಾಣದೆ ಒಂದು ಭಾನುವಾರ ತಾನೇ ಕತೆ ಹೇಳಲು ಕೂತ. ಮರೆತಲ್ಲೆಲ್ಲ ತೇಪೆ ಹಾಕಿದ, ಅಂದು ಕೇಳದೆ ಬಿಟ್ಟ ಕೊನೆಯನ್ನು ಊಹಿಸಿಕೊಂಡ. ಅಕ್ಕ ಕಣ್ಣು ಕೀಳದೆ ಕೇಳಿದಳು. "ಕೊನೆಗೆ ದೋಣಿಯವ ಸೇತುವೆ ದಾಟಿ ಮಗಳ ಮನೆಗೆ ಹೋದ" ಎಂದಾಗ ಅವಳು ಎಡಗೈಯಿಂದ ಮಂಚಕ್ಕೆ ಬಡಿದಳು.

"ಹಾಗಲ್ವಾ? ಮಗಳೇ ಬಂದ್ಲಾ?"

ಮತ್ತೆ ಬಡಿದಳು.

"ಯಾರೂ ಬರಲಿಲ್ವಾ?"

ಅಕ್ಕ ಕಣ್ಣು ಮುಚ್ಚಿದಳು. ಹೌದೆಂದಳೋ, ಸಾಕಾಯಿತೋ, ಅವನಿಗೆ ತಿಳಿಯಲಿಲ್ಲ. ಗಲ್ಲಕ್ಕಿಳಿದ ಜೊಲ್ಲು ಒರೆಸಿ, ಇನ್ನು ಹೇಗೆ ಕೇಳುವುದೆಂದು ತೋಚದೆ ಕೂತೇ ಇದ್ದ.