ಅಮ್ಮನ ಹಣೆಯ ಕೆಂಪು

ಬಣ್ಣವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನನ್ನ ಹಾಗೆ ಮರದ ಹಲಗೆ ಕೆತ್ತಿ, ಮಸಿ ಸವರಿ, ಚಿತ್ರ ಅಚ್ಚು ಹಾಕುವ ಗೆಳೆಯರು ಒಂದೊಂದಕ್ಕೂ ಏಳೆಂಟು ಬಣ್ಣ ಬಳಸುತ್ತಾರೆ. ಶೃಂಗೇರಿಯ ಗೆಳತಿಯಂತೂ ತುಂಗೆಯ ಹಸಿರು ಕೈಗೆ ಹತ್ತಲಿಲ್ಲವೆಂದು ಇಡೀ ಒಂದು ಮಳೆಗಾಲ ಒದ್ದಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಲಿಕ್ಕೆ ಬಣ್ಣ ಕಟ್ಟುವುದೇಕೆ ಎಂದು ಅವಳನ್ನು ರೇಗಿಸುತ್ತಿದ್ದೆ. ನನಗೆ ಕಪ್ಪು ಮಸಿ, ಬಿಳಿ ಕಾಗದ ಸಾಕಿತ್ತು.

ಅಮ್ಮ ತೀರಿಕೊಂಡ ಮೇಲೆ ಕೊಪ್ಪದ ಪ್ರದರ್ಶನಕ್ಕೆಂದು ಅವಳ ಮುಖವನ್ನೇ ಕೆತ್ತಿದೆ. ಮುಖವೆಲ್ಲ ಕಪ್ಪು, ಕೆತ್ತಿದ ಕಡೆ ಮಾತ್ರ ಮಸಿ ತಾಗದೆ ಕಾಗದದ ಬಿಳಿ. ಹಣೆಯ ವಿಭೂತಿಗೆ ಮೂರು ಗೆರೆ ಕೆತ್ತಿದರಾಯಿತು. ಕುಂಕುಮ ಕಪ್ಪಿನ ಮೇಲೆ ಕಪ್ಪಾಗಿ ಕಾಣುವಂತಿರಲಿಲ್ಲ, ಬಿಟ್ಟುಬಿಟ್ಟೆ. ಅಚ್ಚು ಬಹಳ ಚೆನ್ನಾಗಿ ಬಂತು.

ಶೆಟ್ಟಿಕೊಪ್ಪದ ಮನೆಗೆ ಒಯ್ದು ಅಪ್ಪಯ್ಯನ ಮುಂದೆ ಹಿಡಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ಕಣ್ಣು, ಮೂಗು, ನಗು ಎಲ್ಲ ಅವಳದ್ದೇ ಎಂದರು. ಆಮೇಲೆ ಮೆಲ್ಲಗೆ, "ಹಣೆ ಬೋಳು ಮಾಡಿದೀಯಲ್ಲೇ ಮಾರಾಯ್ತಿ. ನಾನಿನ್ನೂ ಇದೀನಲ್ಲ," ಎಂದರು.

ಮುತ್ತೈದೆಯಾಗಿ ಹೋದವಳು ಅಮ್ಮ. ಕೊನೆಯ ದಿನವೂ ಹಣೆ ತುಂಬ ಕುಂಕುಮವಿಟ್ಟೇ ಕಳಿಸಿದ್ದೆವು. ಗಂಡ ಬದುಕಿರುವಾಗಲೇ ನಾನು ಕೈಯಾರೆ ಅವಳನ್ನು ವಿಧವೆ ಮಾಡಿಟ್ಟಿದ್ದೆ. ಕಪ್ಪು ಬಿಳುಪೆಂದರೆ ಹಾಗೆಯೇ ಎಂದು ವಾದಿಸುವ ಬದಲು ಚಿತ್ರ ಸುತ್ತಿಕೊಂಡು ಹಲಗೆಯ ಬಳಿಗೆ ವಾಪಸಾದೆ.

ಕಪ್ಪಿನ ಮೇಲೆ ಕೆಂಪು ಏಳುವುದಿಲ್ಲ. ಮುಗಿದ ಹಲಗೆಯಲ್ಲೇ ಹುಬ್ಬುಗಳ ನಡುವೆ ಗುಂಡಗೆ ಒಂದು ಗುಳಿ ತೋಡಿ, ಪ್ರತಿಗಳನ್ನೆಲ್ಲ ಹೊಸದಾಗಿ ತೆಗೆದೆ. ಬಿಳಿ ಉಳಿದ ಆ ಜಾಗಕ್ಕೆ ಕೆಂಪು ಒತ್ತಲು ಪುಟ್ಟ ಅಚ್ಚನ್ನೂ ಮಾಡಿಕೊಂಡೆ. ಎಲ್ಲವನ್ನೂ ಮನೆಗೆ ಒಯ್ದಾಗ ಅದನ್ನು ಕಂಡ ಅಪ್ಪಯ್ಯ, ತಾವೇ ಇಡುವುದಾಗಿ ಹೇಳಿ ಉಂಗುರಬೆರಳು ಚಾಚಿದರು. ಅಚ್ಚೆಂದ ಮೇಲೆ ಎಲ್ಲ ಪ್ರತಿಯೂ ಒಂದೇ ಥರ ಇರಬೇಕು, ಅದು ನಮ್ಮ ಕಸುಬಿನ ಮರ್ಯಾದೆ. ಹಾಳಾಗಿ ಹೋಗಲಿ ಅಂತ ಕೆಂಪಿನ ತಟ್ಟೆ ಮುಂದಿಟ್ಟೆ. ಕೈ ನಡುಗಿ ಒಂದರಲ್ಲಿ ಬೊಟ್ಟು ಹುಬ್ಬಿಗಿಳಿಯಿತು. ಮದುವೆಯ ದಿನವೂ ಹಾಗೇ ಆಗಿತ್ತಂತೆ, ಅಮ್ಮ ತಲೆ ತಗ್ಗಿಸಿಕೊಂಡೇ ನಕ್ಕಿದ್ದಳಂತೆ.

ಬೆರಳಿಗಂಟಿದ ಬಣ್ಣ ಸೋಪಿಗೂ ಹೋಗಲಿಲ್ಲ. ಕಾಗದದ ಮೇಲಿನದೂ ಅಳಿಸುವುದಿಲ್ಲವೇ ಎಂದು ಕೇಳಿದರು. ಎಣ್ಣೆಯ ಬಣ್ಣ, ಒಣಗಿದ ಮೇಲೆ ಅಳಿಸುವುದಿಲ್ಲ ಎಂದೆ.

"ನಾನು ಹೋದ ಮೇಲೂ?"

"ಇಲ್ಲ ಅಪ್ಪಯ್ಯ. ಯಾರು ಬಂದ್ರೂ ಅಳಿಸೋಕಾಗಲ್ಲ."