ಅತ್ತೆಯ ಸಂಬಂಧ ಮತ್ತು ಅಜ್ಜನ ಎಮ್ಮೆ ಕೊಂಬು

ಇವತ್ತು ದಂತವೈದ್ಯರು ನನ್ನ ಹಲ್ಲು ಕೊರೆಯುವಾಗ ಎದ್ದ ಕಮಟು ವಾಸನೆ ನನ್ನನ್ನು ನಾರಾಯಣಗೂಡದ ನಮ್ಮ ಹಳೆಯ ಮನೆಗೆ ಎಳೆದೊಯ್ದಿತು.

ಅಜ್ಜನ ಮಡಚುವ ಕ್ಷೌರದ ಕತ್ತಿಯ ಹಿಡಿ ಒಡೆದಿತ್ತು. ಹೊಸ ಹಿಡಿ ಮಾಡಲು ಎಲ್ಲಿಂದಲೋ ಎಮ್ಮೆಯ ಕೊಂಬು ತಂದರು. ಅದನ್ನು ಕುದಿಸಿ, ಮೆತ್ತಗಾದ ಮೇಲೆ ಚಪ್ಪಟೆ ಮಾಡಿ, ಅರದಿಂದ ಉಜ್ಜಬೇಕಿತ್ತು. ಅದು ಅಜ್ಜಿಯ ಬೋಗುಣಿಯಲ್ಲಿ ಕುದಿದು ಇದೇ ವಾಸನೆ ಮನೆ ತುಂಬಿರುವಾಗಲೇ, ಅಪ್ಪನ ತಂಗಿಯಾದ ನನ್ನ ಅತ್ತೆಯನ್ನು ನೋಡಲು ಕಲಬುರಗಿಯಿಂದ ಗಂಡಿನ ಕಡೆಯವರು ಬಂದುಬಿಟ್ಟರು.

ಗಂಡಿನ ತಂದೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ನಿಮ್ಮನ್ಯಾಗ ಮಾಂಸ ತಿಂತೀರೇನ್ರೀ?" ಎಂದರು.

ಅಜ್ಜಿ ಒಲೆ ಆರಿಸಲು ಓಡಿದಳು. ಒಳಗೆ ಸೀರೆ ಉಟ್ಟು ಕೂತಿದ್ದ ಅತ್ತೆ ಅಳತೊಡಗಿದಳು.

ಅಜ್ಜ ಮಾತ್ರ ಬೋಗುಣಿಯನ್ನೇ ಹೊತ್ತು ತಂದರು. "ಇಲ್ರೀ, ಎಮ್ಮಿ ಕೊಂಬು. ಕತ್ತಿಗೆ ಹಿಡಿ ಮಾಡಾಕತ್ತೀನಿ."

ಗಂಡಿನ ತಂದೆ ಬಗ್ಗಿ ನೋಡಿದರು. "ನನ್ನ ಕತ್ತಿ ಹಿಡಿನೂ ಒಡದೈತ್ರೀ. ಇದು ಎರಡಕ್ಕ ಸಾಕಾಗ್ತೈತೇನು?"

"ಬೀಗರಾದ್ರ ಸಾಕಾಗ್ತೈತ್ರೀ," ಎಂದರು ಅಜ್ಜ.

ಉಪ್ಪಿಟ್ಟು ಆರಿ ತಣ್ಣಗಾಗುವವರೆಗೂ ಇಬ್ಬರೂ ಅಂಗಳದಲ್ಲಿ ಕೂತು ಕೊಂಬು ಉಜ್ಜಿದರು. ಆ ಶ್ರಾವಣದಲ್ಲೇ ಮದುವೆಯಾಯಿತು.

ದವಾಖಾನೆಯಿಂದ ಹೊರಬಂದವಳೇ ಅತ್ತೆಗೆ ಫೋನು ಮಾಡಿ ನೆನಪಿಸಿದೆ.

"ಹೌದವಾ," ಎಂದಳು, "ಅವತ್ತ ನನ್ನ ಮಾರಿ ಯಾರೂ ನೋಡಲೇ ಇಲ್ಲ. ಕೊಂಬು ನೋಡಿ ಒಪ್ಪಿಕೊಂಡು ಹೋದ್ರು!"