ಎರಡೂ ಹಿಮ್ಮಡಿ ನೆಲಕ್ಕೆ

ನಾನು ಗಿಡ್ಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಐದು ಅಡಿಗೆ ಎರಡು ಇಂಚು ಕಡಿಮೆ. ಸಿಟಿ ಬಸ್ಸಿನ ಮೇಲಿನ ಕಂಬಿ ನನ್ನ ಕೈಗೆ ಒಮ್ಮೆಯೂ ಸಿಕ್ಕಿಲ್ಲ. ಸೀಟಿನ ಹಿಡಿಕೆಯನ್ನೋ ಪಕ್ಕದವರ ಬ್ಯಾಗನ್ನೋ ಹಿಡಿದು, ಏನೂ ಸಿಗದಿದ್ದರೆ ದೇವರನ್ನು ನೆನೆದು ನಿಂತವಳು. ಅಂಥ ನನಗೆ ಮೂವತ್ತೊಂದನೆಯ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಬೇಕೆನಿಸಿತು. ಸ್ಕೂಟರ್ ಅಲ್ಲ. ಗೇರ್ ಇರುವ, ಟ್ಯಾಂಕು ಮೊಣಕಾಲಿಗೆ ತಾಗುವ, ಡುಗುಡುಗು ಎನ್ನುವ ಬೈಕು. ಯಾಕೆ ಎಂದು ಕೇಳಿದವರಿಗೆಲ್ಲ ಬೇಕು ಅಂದರೆ ಬೇಕು ಎಂದೆ. ಬೇರೆ ಕಾರಣ ಇಂದಿಗೂ ಸಿಕ್ಕಿಲ್ಲ.

ಕೆಲಸಕ್ಕೆ ಹೋಗಲಂತೂ ಅಲ್ಲ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ನಮ್ಮ ಕುಷಾಯಿಗೂಡದಿಂದ ಅಲ್ಲಿಗೆ ಎಂದರೆ ಊರಿನ ಈ ತುದಿಯಿಂದ ಆ ತುದಿ; ಕಂಪನಿ ಬಸ್ಸೇ ಸರಿ. ಆ ಬಸ್ಸಿನ ಗೆಳತಿಯೊಬ್ಬಳು ಒಂದು ಭಾನುವಾರ ಖಾಲಿ ಮೈದಾನದಲ್ಲಿ ತನ್ನ ಅಣ್ಣನ ಹಳೆಯ ಬೈಕಿನ ಮೇಲೆ ನನ್ನನ್ನು ಕೂರಿಸಿ, ಕ್ಲಚ್ಚು ಮೆಲ್ಲಗೆ ಬಿಡು ಎಂದಳು. ನಾನು ಮೆಲ್ಲಗೆ ಬಿಡಲಿಲ್ಲ. ಬೈಕು ಎರಡು ಮಾರು ಕುಪ್ಪಳಿಸಿ ನಿಂತುಹೋಯಿತು. ಆ ಎರಡು ಮಾರಿನಲ್ಲೇ ನನಗೆ ಹುಚ್ಚು ಹಿಡಿಯಿತು. ಕಲಿಯುವವರ ಲೈಸೆನ್ಸು ಮಾಡಿಸಿಕೊಂಡೆ, ಸಂಬಳ ನನ್ನದೇ ಇತ್ತು. ಇನ್ನು ಬೇಕಾಗಿದ್ದದ್ದು ಅಪ್ಪನ ಒಪ್ಪಿಗೆ ಒಂದೇ.

ಅಪ್ಪ ಗದಗಿನ ಕಡೆಯಿಂದ ಈ ತೆಲುಗು ಊರಿಗೆ ಬಂದು, ನಮ್ಮ ಮನೆಯ ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ತಯಾರಾಗಿ ಬಂದ ಬಿಡಿಭಾಗಗಳನ್ನು, ಅವರ ಮಾತಿನಲ್ಲಿ ಪೀಸುಗಳನ್ನು, ಅಳೆದು ಪಾಸು ಇಲ್ಲವೇ ರಿಜೆಕ್ಟ್ ಮಾಡುವುದು ಅವರ ಕೆಲಸ. ಅಳೆಯುವ ಸಾಧನಕ್ಕೆ ಗೇಜ್ ಎನ್ನುತ್ತಾರೆ. ಗೇಜಿಗೆ ಹೊಂದಿದರೆ ಪಾಸು, ಇಲ್ಲವಾದರೆ ಕೆಂಪು ಚೀಟಿ, ನಡುವೆ ಮಾತಿಲ್ಲ. ನಿವೃತ್ತಿಯಾದ ಮೇಲೆ ಆ ಕಾರ್ಖಾನೆ ಮನೆಗೇ ಬಂತು. ಸುಲ್ತಾನ್ ಬಜಾರಿನಲ್ಲಿ ಬಕೆಟ್ ಕೊಳ್ಳುವಾಗಲೂ ಸ್ಟೀಲಿನ ಪಟ್ಟಿ ತೆಗೆದು ಅದರ ಬಾಯನ್ನು ಮೂರು ಕಡೆ ಅಳೆಯುತ್ತಾರೆ. ಅವ್ವ ಆಗ ಬಳೆ ಅಂಗಡಿಯ ಕಡೆ ತಿರುಗಿ, ಈ ಮನುಷ್ಯ ಯಾರೋ ಏನೋ ಎಂಬಂತೆ ನಿಲ್ಲುತ್ತಾಳೆ.

ಕೆಲವು ವರ್ಷಗಳ ಹಿಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಹುಡುಗಿಯ ಎತ್ತರ ಸಾಲದು ಎಂದು ಮರುದಿನ ಫೋನ್ ಮಾಡಿದರು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಅಪ್ಪ ಅವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಪೀಸ್ ಸರಿ ಐತಿ. ಅವರ ಗೇಜ್ ತಪ್ಪೈತಿ.” ಅಷ್ಟು ಸಾಕಾಯಿತು, ನಲ್ಲಿ ಬಂದ್ ಮಾಡಿ ಹೊರಗೆ ಬಂದೆ. ಹಾಗಾಗಿ ಬೈಕಿನ ವಿಷಯದಲ್ಲಿ ಬೇರೆ ಯಾರು ಬೇಡವೆಂದಿದ್ದರೂ ಹೋಗ್ರಿ ಅತ್ಲಾಗ ಎನ್ನುತ್ತಿದ್ದೆ. ಅಪ್ಪನಿಗೆ ಹಾಗೆನ್ನಲು ಆಗುವುದಿಲ್ಲ.

ಅಪ್ಪ ಬೇಡ ಎನ್ನಲಿಲ್ಲ. ಒಂದೇ ಶರತ್ತು ಹಾಕಿದರು. “ಬೈಕ್ ಮ್ಯಾಲೆ ಕುಂತಾಗ ಎರಡೂ ಹಿಮ್ಮಡ ನೆಲಕ್ಕ ಹತ್ತಬೇಕು. ಹತ್ತಿದ್ರ ತಗೋ. ಇಲ್ಲಾಂದ್ರ ಸ್ಕೂಟರ್.”

ನಮ್ಮ ಮನೆಯಲ್ಲಿ ಅಡುಗೆಮನೆಯ ಗೋಡೆಯೊಂದೇ ನೆಟ್ಟಗಿದೆ ಎಂಬುದು ಅಪ್ಪನ ಶೋಧ. ನನ್ನನ್ನು ಅದಕ್ಕೆ ಒರಗಿಸಿ ನಿಲ್ಲಿಸಿ ಅವ್ವ ಟೇಪು ಹಿಡಿದು ಕಾಲಿನ ಒಳ ಅಳತೆ ತೆಗೆದಳು. ಅಪ್ಪ ಸಂಕೋಚಕ್ಕೆ ಬಾಗಿಲಾಚೆ ಬೆನ್ನು ಮಾಡಿ ನಿಂತಿದ್ದರು.

“ಎಷ್ಟ್ ಬಂತು?”

“ಇಪ್ಪತ್ತೇಳೂವರಿ ಇಂಚ್.”

“ಇನ್ನೊಮ್ಮೆ ನೋಡು.”

“ಮೂರು ಸಲ ನೋಡೀನ್ರಿ,” ಎಂದಳು ಅವ್ವ. “ಅಳದಷ್ಟೂ ಬೆಳ್ಯಾಕ ಈಕಿ ಕಾಲು ಬಳ್ಳಿ ಏನ್ರಿ?”

ಸಂಜೆಗೆ ಒಂದು ಕೋಲು ತಯಾರಾಯಿತು. ಬುಡದಿಂದ ಇಪ್ಪತ್ತೇಳೂವರೆ ಇಂಚಿಗೆ ಸುತ್ತಲೂ ಕೆಂಪು ಬಣ್ಣದ ಗುರುತು. ಬೈಕಿನ ಸೀಟು ಗುರುತಿಗಿಂತ ಕೆಳಗಿದ್ದರೆ ಪಾಸು, ಮೇಲಿದ್ದರೆ ರಿಜೆಕ್ಟ್.

ಶನಿವಾರ ನಾವಿಬ್ಬರೂ ಆ ಕೋಲು ಹಿಡಿದುಕೊಂಡು ಬೈಕು ಅಂಗಡಿಗಳನ್ನು ಸುತ್ತಿದೆವು. ಮೊದಲ ಅಂಗಡಿಯ ಮಾರಾಟಗಾರ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಆ ನೋಟ ಬೇಗ ಮುಗಿದಿದ್ದಕ್ಕೋ ಏನೋ, “ಮೇಡಂ, ಆಪ್ ಕೋ ಸ್ಕೂಟರ್ ಅಚ್ಛಾ ರಹತಾ” ಎಂದ. ಅಷ್ಟು ಚೆನ್ನಾಗಿದ್ದರೆ ನೀವೇ ತಗೊಳ್ಳಿ ಎಂದು ಅವನಿಗೆ ಹಿಂದಿಯಲ್ಲೇ ಹೇಳಿದೆ. ಎರಡನೆಯ ಅಂಗಡಿಯಲ್ಲಿ ಒಂದು ಎತ್ತರದ ಬೈಕನ್ನು ಹಟಕ್ಕೆ ಹತ್ತಿ ಕೂತೆ. ಎರಡು ಕಾಲೂ ಗಾಳಿಯಲ್ಲಿ. ಇಳಿಸಲು ಮೂವರು ಬಂದರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೆ ತಡೆಯಲೇಬೇಕಾಗಿತ್ತು.

ನಾಲ್ಕನೆಯ ಅಂಗಡಿಯಲ್ಲಿ ಅದು ಇತ್ತು. ಕೆಂಪು ಬಣ್ಣ, ತಗ್ಗಿನ ಸೀಟು, ಹ್ಯಾಂಡಲ್ ತಾನಾಗಿಯೇ ಕೈಗೆ ಬರುತ್ತಿತ್ತು. ಕೂತೆ. ಕಾಲ್ಬೆರಳು ನೆಲ ಮುಟ್ಟಿದವು. ಸುಮ್ಮನೆ ಹಾರ್ನ್ ಒತ್ತಿದೆ, ಕೀ ಇಲ್ಲದ್ದರಿಂದ ಅದು ಬಾಯಿ ಬಿಡಲಿಲ್ಲ. ಸದ್ದನ್ನು ನಾನೇ ಮಾಡಿದೆ. ಅಪ್ಪ ನನ್ನನ್ನು ಇಳಿಸಿ ಸೀಟಿನ ಪಕ್ಕ ಕೋಲು ಇಟ್ಟರು. ಸೀಟು ಕೆಂಪು ಗುರುತಿಗಿಂತ ಒಂದೂವರೆ ಇಂಚು ಮೇಲೆ.

“ರಿಜೆಕ್ಟ್,” ಎಂದರು.

ಮನೆಗೆ ಬಂದವಳೇ ಹೊರಕೋಣೆಯ ಗಾದಿಯ ಮೇಲೆ ಧೊಪ್ಪನೆ ಕೂತೆ. ಅವ್ವ ಅದೇ ಗಾದಿಯ ಇನ್ನೊಂದು ತುದಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. “ಅಪ್ಪಾ, ರಿಜೆಕ್ಟ್ ಆಗಿದ್ದು ಬೈಕ್ ಅಲ್ರಿ, ನಾನು. ಆ ಉಪ್ಪಿಟ್ಟು ತಿಂದು ಹೋದವರಿಗೂ ನಿಮಗೂ ಏನು ಫರಕ್ ಆತು?”

ಅಪ್ಪ ಕೋಲನ್ನು ಮೂಲೆಗೆ ಇಡಲು ಹೋದವರು ಹಾಗೆಯೇ ನಿಂತರು. ಆಡಬಾರದಿತ್ತು. ಆದರೆ ಆಡಿಯಾಗಿತ್ತು.

ಅವ್ವ ಸೊಪ್ಪಿನಿಂದ ತಲೆ ಎತ್ತದೆ ಹೇಳಿದಳು: “ಈಕಿ ಕುಂತ ಕೂಡ್ಲೆ ಈ ಗಾದಿ ನಾಕ್ ಬೆರಳು ಕುಸೀತು. ಆ ಬೈಕಿನ ಸೀಟ್ ಕುಸಿಯೂದಿಲ್ಲೇನ್ರಿ? ನೀವು ಖಾಲಿ ಬೈಕ್ ಅಳದ್ ಬಂದೀರಿ.” ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದಳು. “ಮತ್ತ ಅಡಗಿಮನಿಯಾಗ ಚಪ್ಪಲ್ ಹಾಕ್ಕೊಂಡ್ ಬರಂಗಿಲ್ಲ ಅಂತ ಬರಿಗಾಲಾಗ ನಿಂದರಸಿ ಅಳದೀವಿ. ಈಕಿ ಬರಿಗಾಲಾಗ ಬೈಕ್ ಹೊಡೀತಾಳೇನು?”

ಮೂವತ್ತೈದು ವರ್ಷ ಅಳೆದ ಇನ್‌ಸ್ಪೆಕ್ಟರು ಕೋಲನ್ನು ಮೂಲೆಗಿಟ್ಟು ಸ್ಟೀಲಿನ ಪಟ್ಟಿ ಕೈಗೆ ತೆಗೆದುಕೊಂಡರು. ಆಮೇಲೆ ಹೊರಗೆ ಹೋಗಿ ತಮ್ಮ ಹಳೆಯ ಸ್ಕೂಟರನ್ನು ಬಿಸಿಲಿಗೆ ಎಳೆದು, “ಬಾ ಇಲ್ಲಿ, ಕುಂಡ್ರು” ಎಂದು ಅವ್ವನನ್ನು ಕರೆದರು. ಅವ್ವ ಸೀರೆ ಎತ್ತಿಕಟ್ಟಿ ಕೂತಳು. ಅಪ್ಪ ನೆಲಕ್ಕೆ ಕೂತು ಪಟ್ಟಿ ಹಿಡಿದು ಅಳೆದರು. ಇಳಿ ಎಂದರು, ಅಳೆದರು. ಮತ್ತೆ ಕುಂಡ್ರು ಎಂದರು. ಎದುರು ಮನೆಯಾಕೆ ಗೇಟಿಗೆ ಬಂದು ಏನಾಯಿತೆಂದು ತೆಲುಗಿನಲ್ಲಿ ಕೇಳಿದಾಗ, ತನ್ನ ತೂಕ ನೋಡುತ್ತಿದ್ದಾರೆ ಎಂದು ಅವ್ವ ತೆಲುಗಿನಲ್ಲೇ ಹೇಳಿದಳು. ಒಳಗಿದ್ದ ನಾನು ಸಿಟ್ಟನ್ನು ಉಳಿಸಿಕೊಳ್ಳಲು ತುಂಬ ಕಷ್ಟಪಟ್ಟೆ. ಆಗಲಿಲ್ಲ.

ಮರುದಿನ ಮೂವರೂ ನಾಲ್ಕನೆಯ ಅಂಗಡಿಗೆ ಹೋದೆವು. ಕಾರ್ಖಾನೆಯಲ್ಲಿ ಹಾಕುವ ದಪ್ಪ ಅಟ್ಟೆಯ ಬೂಟು ಹಾಕಿಕೊಂಡಿದ್ದೆ. ಸ್ಟ್ಯಾಂಡ್ ತೆಗೆಸಿ ಬೈಕನ್ನು ನೆಟ್ಟಗೆ ಹಿಡಿದು ಕೂತೆ. ಬೆರಳು ಊರಿದವು, ಪಾದದ ಮುಂಭಾಗ ಊರಿತು. ಅಪ್ಪ ಅಂಗಡಿಯ ನೆಲದ ಮೇಲೆ ಮಂಡಿಯೂರಿ ನನ್ನ ಹಿಮ್ಮಡಿಯ ಕೆಳಗೆ ಪಟ್ಟಿ ತೂರಿಸಿದರು. ಅದು ಸಲೀಸಾಗಿ ಒಳಗೆ ಹೋಯಿತು.

“ಇನ್ನೂ ಅರ್ಧ ಇಂಚ್ ಐತಿ,” ಎಂದರು. ಅವರ ದನಿಯಲ್ಲಿ ನನಗಿಂತ ಹೆಚ್ಚು ಬೇಸರವಿತ್ತು.

ನಾನು ಬ್ರೇಕ್ ಹಿಡಿದೇ ಕೂತಿದ್ದೆ. ಇಳಿದರೆ ಮುಗಿಯಿತು, ಅದಕ್ಕೇ ಇಳಿಯಲಿಲ್ಲ. ಅಪ್ಪ ಎದ್ದು, ಮಂಡಿಯ ಧೂಳು ಕೊಡವಿ, ಬೈಕಿನ ಸುತ್ತ ಒಂದು ಸುತ್ತು ಬಂದರು. “ಗಟ್ಟಿ ಹಿಡ್ಕೋ,” ಎಂದವರೇ ನನ್ನ ಭುಜ ಹಿಡಿದು ಕಾಲು ದಾಟಿಸಿ ಹಿಂದೆ ಕೂತರು.

ಬೈಕು ಮೆತ್ತಗೆ ತಗ್ಗಿತು. ನನ್ನ ಎರಡೂ ಹಿಮ್ಮಡಿ ನೆಲಕ್ಕೆ ಕೂತವು.

ಅವ್ವ ಬಗ್ಗಿ ಒಂದು ಕಡೆ ನೋಡಿದಳು, ಸುತ್ತಿ ಹೋಗಿ ಇನ್ನೊಂದು ಕಡೆ ನೋಡಿದಳು. “ಹತ್ತಿದುವ್ರಿ. ಎರಡೂ.”

ಅಪ್ಪ ಮುಂದಕ್ಕೆ ಬಾಗಿ ನನ್ನ ಕಿವಿಯ ಹತ್ತಿರ, ನನಗಷ್ಟೇ ಕೇಳುವಂತೆ ಹೇಳಿದರು: “ಪೀಸ್ ಸರಿ ಐತವ್ವಾ. ನನ್ನ ಗೇಜ್ ತಪ್ಪಿತ್ತು.”

ನಾನು ನಗತೊಡಗಿದೆ, ಕಣ್ಣಲ್ಲಿ ನೀರೂ ಬಂತು, ಬೈಕು ನಮ್ಮಿಬ್ಬರನ್ನೂ ಹೊತ್ತು ಅಲುಗಾಡಿತು, ಮಾರಾಟಗಾರ ಓಡಿಬಂದು ಹ್ಯಾಂಡಲ್ ಹಿಡಿದ. ಅಪ್ಪ ಅವನಿಗೆ ಒಂದೇ ಮಾತು ಹೇಳಿದರು: “ಪಾಸ್.”

ಕಲಿಯುವವರ ಹಿಂದೆ ಲೈಸೆನ್ಸ್ ಇದ್ದು ಕಲಿಸುವವರು ಮಾತ್ರ ಕೂರಬಹುದು. ಅಪ್ಪನಿಗೆ ಲೈಸೆನ್ಸ್ ಇತ್ತು, ಕಲಿಸುವ ಚಟ ಮೊದಲೇ ಇತ್ತು. ಪ್ರತಿ ಭಾನುವಾರ ಅವರನ್ನು ಹಿಂದೆ ಕೂರಿಸಿಕೊಂಡು ಅವರ ಹಳೆಯ ಕಾರ್ಖಾನೆಯ ಗೇಟಿನ ತನಕ ಹೋಗಿಬರುತ್ತಿದ್ದೆ. ಗೇರ್ ಇಳಸು, ಇಂಡಿಕೇಟರ್ ಹಾಕು, ಎಮ್ಮಿ ಬಂತು ನೋಡು ಎಂದು ದಾರಿಯುದ್ದಕ್ಕೂ ಹಿಂದಿನಿಂದ ಹೇಳುತ್ತಿದ್ದರು. ಗೇಟಿನ ಕಾವಲುಗಾರ ಸಲಾಂ ಹೊಡೆದರೆ ಅಪ್ಪ ಎದೆಯುಬ್ಬಿಸಿ ಕೂರುತ್ತಿದ್ದರು, ಬೈಕು ಓಲಾಡುತ್ತಿತ್ತು.

ಪೂರ್ತಿ ಲೈಸೆನ್ಸ್ ಬಂದ ದಿನ ಅಪ್ಪ ಹತ್ತಲಿಲ್ಲ. ಗೇಟು ತೆರೆದು, “ಇನ್ನ ನೀ ಒಬ್ಬಾಕಿನ ಹೋಗು” ಎಂದರು. ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಹಿಮ್ಮಡಿಗಳು ಅರ್ಧ ಇಂಚು ಮೇಲೆಯೇ ಉಳಿದವು. ಹಿಂದೆ ತಿರುಗಿ ನೋಡಿದೆ, ಸೀಟು ಖಾಲಿ. ಹಸಿರು ದೀಪ ಬಂತು, ಹೋದೆ. ಬೇಕೆಂದೇ ಎರಡು ಸುತ್ತು ಹೆಚ್ಚು ಹಾಕಿದೆ.

ವಾಪಸ್ಸು ಬಂದಾಗ ಅಪ್ಪ ಗೇಟಿನಲ್ಲೇ ನಿಂತಿದ್ದರು.

“ಹಿಮ್ಮಡ ಹತ್ತಿದುವೇನು?”

“ಇಲ್ರಿ.”

“ಬಿದ್ದಿಯೇನು?”

“ಇಲ್ರಿ ಅಪ್ಪಾ.”

ಒಳಗೆ ಹೋಗಿ ಮೂಲೆಯಲ್ಲಿದ್ದ ಕೋಲು ತಂದು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಟೊಮೇಟೊ ಗಿಡಕ್ಕೆ ಆಸರೆಯಾಗಿ ನೆಟ್ಟಳು. ಗಿಡ ಕೆಂಪು ಗುರುತಿಗೆ ಇನ್ನೂ ಬಂದಿಲ್ಲ, ಕಾಯಿ ಬಿಡುತ್ತಿದೆ.